ಸೀರೆಯ ಕೆಳಗಿನ ಫೈಲು

ಟಿಕೋಟಾ ಹತ್ತಿರ ದ್ರಾಕ್ಷಿ ತೋಟವಿರುವ ಒಂದು ಮನೆ. ತಿಜೋರಿಯ ಮೇಲಿನ ಖಾನೆಯಲ್ಲಿ ಮದುವೆಯ ಇಳಕಲ್ ಸೀರೆ, ಅದರ ಮಡಿಕೆಯ ಕೆಳಗೆ ಒಂದು ಪ್ಲಾಸ್ಟಿಕ್ ಫೈಲು. ಆ ಮನೆಯ ಸೊಸೆಯ ಐವಿಎಫ್ ಚಿಕಿತ್ಸೆಯ ಕಾಗದಗಳೆಲ್ಲ ಅದರಲ್ಲಿದ್ದವು. ಸ್ಕ್ಯಾನಿಂಗ್ ರಿಪೋರ್ಟು, ಇಂಜೆಕ್ಷನ್ ಚೀಟಿ, ಭ್ರೂಣವನ್ನು ಗರ್ಭಕೋಶಕ್ಕೆ ಬಿಟ್ಟ ದಿನಾಂಕ. ಮದುವೆಯಾಗಿ ಒಂಬತ್ತು ವರ್ಷಕ್ಕೆ ನಿಂತ ಬಸಿರು ಅದು. ಎಂಟನೇ ತಿಂಗಳಿನಲ್ಲಿ ಒಂದು ರಾತ್ರಿ ಆಕೆಗೆ ತಲೆ ಸಿಡಿಯತೊಡಗಿತು, ಕಣ್ಣು ಮಂಜಾದವು. ಇಪ್ಪತ್ತು ಕಿಲೋಮೀಟರ್ ದೂರದ ವಿಜಯಪುರಕ್ಕೆ ಗಾಡಿ ಮಾಡಿಕೊಂಡು ಕರೆತಂದರು. ಮೇಲಿನ ಬಿ.ಪಿ. 170 ದಾಟಿತ್ತು.

ಡ್ಯೂಟಿಯಲ್ಲಿದ್ದ ಡಾಕ್ಟರಮ್ಮ ಕೇಳಿದರು: "ಎಷ್ಟು ವಾರ ಆಗ್ಯಾವ? ಕಡೀ ಸಲ ಮುಟ್ಟಾದ ತಾರೀಖು ಯಾವ್ದು? ಏನರ ಟ್ರೀಟ್‌ಮೆಂಟ್ ತಗೊಂಡಿದ್ರೇನು?"

ಅತ್ತೆ ಉತ್ತರ ಕೊಟ್ಟರು: "ಏನಿಲ್ರೀ ಮೇಡಮ್, ದೇವ್ರು ಕೊಟ್ಟಾನ."

ಮುಟ್ಟಿನ ತಾರೀಖನ್ನು ಗಂಡ ಅಂದಾಜಿನ ಮೇಲೆ ಹೇಳಿದ. ಆ ಲೆಕ್ಕದಲ್ಲಿ 36 ವಾರ ಆಗುತ್ತಿತ್ತು, ಹೊಟ್ಟೆ ನೋಡಿದರೆ ಅಷ್ಟು ಕಾಣುತ್ತಿರಲಿಲ್ಲ. ಕೂಸಿನ ಶ್ವಾಸಕೋಶ ಬಲಿಯಲೆಂದು ಕೊಡುವ ಸ್ಟೀರಾಯ್ಡ್ ಇಂಜೆಕ್ಷನ್ ಬೇಕೋ ಬೇಡವೋ ಎಂಬುದು ಈ ವಾರಗಳ ಲೆಕ್ಕದ ಮೇಲೆಯೇ ನಿಂತಿರುತ್ತದೆ. ನಿಜವಾಗಿ ನೋಡಿದರೆ, ಐವಿಎಫ್ ಬಸಿರಿನಷ್ಟು ಖಚಿತವಾಗಿ ದಿನ ಗೊತ್ತಿರುವ ಬಸಿರು ಇನ್ನೊಂದಿಲ್ಲ. ಐದು ದಿನದ ಭ್ರೂಣವಾದರೆ, ಬಿಟ್ಟ ದಿನಕ್ಕೆ 261 ದಿನ ಕೂಡಿಸಿದರೆ ಹೆರಿಗೆಯ ತಾರೀಖು ಸಿಗುತ್ತದೆ. ಆ ದಿನಾಂಕ ಇಪ್ಪತ್ತು ಕಿಲೋಮೀಟರ್ ಆಚೆ, ಸೀರೆಯ ಕೆಳಗಿತ್ತು.

ತಾಯಿ, ಕೂಸು ಇಬ್ಬರೂ ಉಳಿದರು. ಆ ಮನೆಯವರು ನನಗೆ ಬಳಗದವರು, ಹಾಗಾಗಿ ಈ ಕಥೆ ನನಗೆ ತಿಳಿಯಿತು, ಅದೂ ಎಷ್ಟೋ ತಿಂಗಳ ಮೇಲೆ, ಪಿಸುಮಾತಿನಲ್ಲಿ. ಐವಿಎಫ್ ಬಸಿರಿನ ಅಪಾಯಗಳ ಬಗ್ಗೆ ನಾನು ಹೇಳಬೇಕಾದ್ದೆಲ್ಲ ಆ ಫೈಲಿನ ಸುತ್ತಲೇ ಇದೆ. ಅಪಾಯ ಇದೆ, ಆದರೆ ಅದು ಅಳೆಯಬಹುದಾದದ್ದು, ಬಹುಪಾಲು ಮೊದಲೇ ಹಿಡಿಯಬಹುದಾದದ್ದು. ನಮ್ಮ ಕಡೆ ಅದನ್ನು ಹಿಡಿಯಲಾಗದಂತೆ ಮಾಡುತ್ತಿರುವುದು ಮೌನ.

ಆ ಅತ್ತೆಯನ್ನು ದೂರಲು ನನಗೆ ಮನಸ್ಸಿಲ್ಲ. "ಬಂಜಿ" ಎನ್ನುವ ಒಂದು ಮಾತು ನಮ್ಮ ಊರುಗಳಲ್ಲಿ ಹೆಣ್ಣಿನ ಬೆನ್ನಿಗೆ ಹೇಗೆ ಅಂಟುತ್ತದೆ ಎಂದು ಅವರಿಗೆ ಗೊತ್ತು. ಉಡಿ ತುಂಬುವಾಗ ಮಕ್ಕಳಾಗದವಳ ಕೈ ಬೇಡ ಎಂದು ಯಾರೋ ಪಕ್ಕಕ್ಕೆ ಸರಿಸಿದ್ದನ್ನು ಅವರು ಕಂಡಿದ್ದಾರೆ. ಸೊಸೆಗಾಗಿ ಗುಡ್ಡಾಪುರದ ದಾನಮ್ಮನಿಗೆ ಹರಕೆ ಹೊತ್ತವರೂ ಅವರೇ, ತೋಟದ ಒಣದ್ರಾಕ್ಷಿ ಮಾರಿದ ರೊಕ್ಕ ಚಿಕಿತ್ಸೆಗೆ ಎತ್ತಿ ಕೊಟ್ಟವರೂ ಅವರೇ. ಬೇಸಿಗೆಯ ಬಿಸಿಲಿನಲ್ಲಿ ಇಂಜೆಕ್ಷನ್‌ಗಳನ್ನು ಥರ್ಮಾಸಿನಲ್ಲಿ ಬರ್ಫದ ನಡುವೆ ಇಟ್ಟುಕೊಂಡು, ವಿಜಯಪುರದಿಂದ ಟಿಕೋಟಾ ಬಸ್ಸಿನಲ್ಲಿ ತೊಡೆಯ ಮೇಲೆ ಹೊತ್ತು ತಂದಿದ್ದರು. ಯಾರಾದರೂ ಕೇಳಿದರೆ ಥರ್ಮಾಸಿನಲ್ಲಿ ಮಜ್ಜಿಗೆ ಎನ್ನುತ್ತಿದ್ದರು. "ಆ ಕೂಸು ಯಾರ್ದು, ಎಲ್ಲಿಂದ ತಂದ್ರು" ಎಂದು ನಾಳೆ ಮಗುವಿನ ಕಿವಿಗೆ ಬೀಳಬಾರದು ಎನ್ನುವುದೊಂದೇ ಅವರ ಚಿಂತೆ. ಊರ ಮುಂದೆ ಆ ಚಿಂತೆ ಸರಿಯಾದದ್ದೇ. ಹೆರಿಗೆ ಕೋಣೆಯ ಬಾಗಿಲಲ್ಲೂ ಅದೇ ಚಿಂತೆ ಬಾಯಿ ಕಟ್ಟಿದ್ದು ಮಾತ್ರ ತೊಂದರೆಯಾಯಿತು.

ಅಪಾಯ ಎಷ್ಟು ಎಂಬ ಮಾತಿಗೆ ಬರೋಣ. ಬಸಿರಿನ ಇಪ್ಪತ್ತು ವಾರಗಳ ನಂತರ ರಕ್ತದೊತ್ತಡ 140/90 ದಾಟಿ, ಮೂತ್ರದಲ್ಲಿ ಪ್ರೋಟೀನ್ ಹೋಗುವುದೋ, ಲಿವರ್, ಕಿಡ್ನಿ, ಮಿದುಳಿಗೆ ತೊಂದರೆ ತಾಗುವುದೋ ಆಗುವ ಸ್ಥಿತಿಗೆ ಪ್ರೀ-ಎಕ್ಲಾಂಪ್ಸಿಯಾ ಎನ್ನುತ್ತಾರೆ. ಹಳಬರು ಬಸುರಿ ನಂಜು ಎನ್ನುತ್ತಿದ್ದರು. ಅದು ವಿಕೋಪಕ್ಕೆ ಹೋದರೆ ಫಿಟ್ಸ್ ಬರುತ್ತದೆ. ಲೋಕದಲ್ಲಿ ಒಟ್ಟು ಬಸುರಿಯರಲ್ಲಿ ನೂರಕ್ಕೆ 2ರಿಂದ 8 ಮಂದಿಗೆ ಇದು ಕಾಣಿಸುತ್ತದೆ. ಐವಿಎಫ್ ಬಸಿರಿನಲ್ಲಿ ಈ ಪ್ರಮಾಣ ಸುಮಾರು ಒಂದೂವರೆಯಿಂದ ಎರಡು ಪಟ್ಟು. ಬೇರೆಯವರಿಂದ ಪಡೆದ ಅಂಡಾಣುವಿನಿಂದ ನಿಂತ ಬಸಿರಾದರೆ ಇನ್ನೂ ಹೆಚ್ಚು. ಕಸ, ಅಂದರೆ ಮಾಸು, ಗರ್ಭಕೋಶದ ಬಾಯಿಗೆ ಅಡ್ಡಲಾಗಿ ಕೂಡುವುದು, ಬಸಿರಿನಲ್ಲಿ ಶುಗರ್ ಬರುವುದು, ದಿನ ತುಂಬುವ ಮೊದಲೇ ಹೆರಿಗೆಯಾಗುವುದು, ಇವೂ ಹೆಚ್ಚು.

"ಎರಡು ಪಟ್ಟು" ಎಂದೊಡನೆ ಎದೆ ಝಲ್ಲೆನ್ನುತ್ತದೆ. ನಿಂತು ಎಣಿಸಿದರೆ ಬೇರೆಯೇ ಚಿತ್ರ ಕಾಣುತ್ತದೆ. ಸಾಮಾನ್ಯವಾಗಿ ನೂರು ಬಸುರಿಯರಲ್ಲಿ ನಾಲ್ವರಿಗೆ ನಂಜು ಕಾಣುತ್ತದೆ ಎಂದಿಟ್ಟುಕೊಂಡರೆ, ಐವಿಎಫ್ ಆದ ನೂರು ಮಂದಿಯಲ್ಲಿ ಆರರಿಂದ ಎಂಟು ಮಂದಿಗೆ ಕಾಣುತ್ತದೆ. ತೊಂಬತ್ತೆರಡು ಮಂದಿಗೆ ಕಾಣುವುದಿಲ್ಲ. ಚಿಕಿತ್ಸೆ ಬೇಡ ಎನ್ನಲು ಇದು ಕಾರಣವಲ್ಲ. ಆದರೆ ಆ ಎಂಟು ಮಂದಿ ಯಾರೆಂದು ಮೊದಲೇ ಗೊತ್ತಿಲ್ಲದ್ದರಿಂದ, ನೂರೂ ಮಂದಿಯ ತೋಳಿಗೆ ಬಿ.ಪಿ. ಪಟ್ಟಿ ಕಟ್ಟಬೇಕು.

ಈ ಅಪಾಯವೆಲ್ಲ ಚಿಕಿತ್ಸೆಯಿಂದಲೇ ಬಂದದ್ದೇ? ಇಲ್ಲಿ ಆತುರದ ತೀರ್ಪು ಬೇಡ. ಐವಿಎಫ್‌ಗೆ ಬರುವ ಹೆಣ್ಣುಮಕ್ಕಳಲ್ಲಿ ಹಲವರ ವಯಸ್ಸು 35 ದಾಟಿರುತ್ತದೆ. ಕೆಲವರಿಗೆ ಪಿಸಿಒಡಿ, ಥೈರಾಯ್ಡ್, ಮೊದಲಿನಿಂದಲೇ ಬಿ.ಪಿ. ಇರುತ್ತವೆ. ಮಕ್ಕಳಾಗದಿರಲು ಕಾರಣವಾದ ತೊಂದರೆಯೇ ಮುಂದೆ ಬಸಿರಿನಲ್ಲೂ ತೊಂದರೆ ಕೊಡಬಹುದು. ಇದನ್ನು ಬಿಡಿಸಿ ನೋಡಲು ನಾರ್ವೆಯ ಸಂಶೋಧಕರು ಒಂದು ಜಾಣ ದಾರಿ ಹಿಡಿದರು. ಒಬ್ಬಳೇ ತಾಯಿಯ ಮಕ್ಕಳಲ್ಲಿ ಒಂದು ಚಿಕಿತ್ಸೆಯಿಂದ, ಇನ್ನೊಂದು ತಾನಾಗಿ ಹುಟ್ಟಿದ್ದರೆ ಎರಡನ್ನೂ ಹೋಲಿಸಿದರು. 2008ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಒಡಹುಟ್ಟಿದವರ ನಡುವೆ ಹುಟ್ಟುತೂಕ, ದಿನಗಳ ವ್ಯತ್ಯಾಸ ಬಹಳ ಕಡಿಮೆಯಾಗಿ ಕಂಡಿತು. ಅಂದರೆ, ಚಿಕಿತ್ಸೆಯ ತಲೆಗೆ ಕಟ್ಟಿದ್ದರಲ್ಲಿ ಒಂದು ಪಾಲು ಆ ದೇಹದ ಹಳೆಯ ಕಥೆ.

ಎಲ್ಲವೂ ಹಾಗೆ ಕರಗಿಹೋಗುವುದಿಲ್ಲ. ಚಿಕಿತ್ಸೆಯ ವಿಧಾನವೇ ತರುವ ಅಪಾಯಗಳೂ ಇವೆ. ಈಗ ಹೆಚ್ಚು ನಡೆಯುತ್ತಿರುವುದು ಭ್ರೂಣವನ್ನು ಶೀತಲೀಕರಿಸಿ ಇಟ್ಟು ಮುಂದಿನ ತಿಂಗಳೋ ಆಮೇಲೋ ಬಿಡುವ ಪದ್ಧತಿ.

ಶೀತಲೀಕರಿಸಿದ ಭ್ರೂಣ ಬಿಡಲು ಎರಡು ದಾರಿಗಳಿವೆ. ಮುಟ್ಟು ಸರಿಯಾಗಿ ಬರುವ ಹೆಣ್ಣಿಗೆ ಅವಳದೇ ತಿಂಗಳ ಚಕ್ರ ನೋಡಿಕೊಂಡು, ಅಂಡ ಬಿಡುಗಡೆಯಾದ ಮೇಲೆ ಬಿಡುವುದು ಒಂದು. ಹಾರ್ಮೋನ್ ಗುಳಿಗೆ, ಇಂಜೆಕ್ಷನ್ ಕೊಟ್ಟು ಗರ್ಭಕೋಶವನ್ನು ಹದ ಮಾಡಿ, ಗೊತ್ತು ಮಾಡಿದ ದಿನ ಬಿಡುವುದು ಇನ್ನೊಂದು. ಎರಡನೆಯದರಲ್ಲಿ ಅಂಡ ಬಿಡುಗಡೆಯಾಗುವುದಿಲ್ಲ. ಹಾಗಾಗಿ ಅಂಡಾಶಯದಲ್ಲಿ ಅಂಡ ಹೊರಬಿದ್ದ ಜಾಗದಲ್ಲಿ ಉಳಿಯಬೇಕಾದ ಹಳದಿ ಗಂಟೂ ಇರುವುದಿಲ್ಲ. ಆ ಪುಟ್ಟ ಗಂಟು ಪ್ರೊಜೆಸ್ಟೆರಾನ್ ಒಂದನ್ನೇ ಕೊಡುವುದಿಲ್ಲ. ಬಸಿರಿಗೆ ತಕ್ಕಂತೆ ರಕ್ತನಾಳಗಳು ಸಡಿಲಗೊಳ್ಳಲು ನೆರವಾಗುವ ರಿಲ್ಯಾಕ್ಸಿನ್‌ನಂಥ ರಸಗಳನ್ನೂ ಕೊಡುತ್ತದೆ, ಮತ್ತು ಇವು ನಾವು ಕೊಡುವ ಗುಳಿಗೆಯಲ್ಲಿಲ್ಲ. ಎರಡನೆಯ ದಾರಿಯಲ್ಲಿ ಬಿ.ಪಿ. ತೊಂದರೆ ಹೆಚ್ಚು ಕಾಣುತ್ತದೆ ಎಂದು ಹಲವು ದೇಶಗಳ ಅಧ್ಯಯನಗಳು ಹೇಳಿವೆ.

ಬಬಲೇಶ್ವರದ ಒಬ್ಬ ರೈತ ಮಹಿಳೆಯನ್ನು ಇಲ್ಲಿಟ್ಟು ನೋಡಿ. ಸಹಜ ಚಕ್ರದ ದಾರಿಯಾದರೆ ಸ್ಕ್ಯಾನಿಂಗ್‌ಗೆಂದು ಹತ್ತಿರ ಹತ್ತಿರದ ದಿನಗಳಲ್ಲಿ ಹಲವು ಸಲ ಬರಬೇಕು, ಭ್ರೂಣ ಬಿಡುವ ದಿನವನ್ನು ಅವಳ ದೇಹವೇ ನಿರ್ಧರಿಸುತ್ತದೆ. ಗುಳಿಗೆಯ ದಾರಿಯಾದರೆ ದಿನ ಮೊದಲೇ ಗೊತ್ತಿರುತ್ತದೆ, ಓಡಾಟ ಕಡಿಮೆ. ಸೊಲ್ಲಾಪುರಕ್ಕೋ ಬೆಳಗಾವಿಗೋ ಹೋಗಬೇಕಾದವಳಿಗೆ ಯಾವುದು ಅನುಕೂಲ ಎಂದು ಹೇಳಬೇಕಾಗಿಲ್ಲ. ಹೀಗೆ ಬಸ್ಸಿನ ದೂರವೇ ಚಿಕಿತ್ಸೆಯ ವಿಧಾನವನ್ನು ಆರಿಸಿಬಿಡಬಹುದು. ಕೆಲವರಿಗೆ ಗುಳಿಗೆಯ ದಾರಿಯೇ ಸರಿ ಇರಬಹುದು. ಆದರೆ "ನನ್ನ ಮುಟ್ಟು ಬರೋಬ್ಬರಿ ಬರತೈತ್ರಿ, ಗುಳಿಗಿ ಇಲ್ಲದ ದಾರಿ ನನಗ ಆಗತೈತೇನ್ರಿ" ಎಂದು ಕೇಳುವ ಹಕ್ಕು ಅವಳಿಗಿದೆ. ಕೇಳಬೇಕು ಎಂದೇ ನಾನು ಹೇಳುತ್ತೇನೆ.

ಅವಳಿ ಮಕ್ಕಳ ಆಸೆಯ ಬಗ್ಗೆ ನೇರವಾಗಿ ಹೇಳಬೇಕಾದ ಮಾತಿದೆ. "ಒಂದs ಖರ್ಚಿನಾಗ ಎರಡು ಆಗಿಬಿಡ್ಲಿ" ಎನ್ನುವ ಮಾತು ನಮ್ಮ ಕಡೆ ಸಾಮಾನ್ಯ. ಹೊಲ ಮಾರಿ, ಸಾಲ ಮಾಡಿ ಬಂದವರ ಬಾಯಲ್ಲಿ ಆ ಮಾತು ಬಂದರೆ ಆಶ್ಚರ್ಯವೂ ಇಲ್ಲ. ಆದರೆ ಐವಿಎಫ್‌ನ ಅಪಾಯಗಳಲ್ಲಿ ನಮ್ಮ ಕೈಯಲ್ಲೇ ಇರುವ ಅತಿ ದೊಡ್ಡದು ಇದು. ಅವಳಿ ಬಸಿರಿನಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳು ದಿನ ತುಂಬದೆ ಹುಟ್ಟುತ್ತವೆ. ತಾಯಿಗೆ ನಂಜಿನ ಅಪಾಯ, ಹೆರಿಗೆಯ ಮೇಲೆ ರಕ್ತಸ್ರಾವದ ಅಪಾಯ ಎರಡೂ ಏರುತ್ತವೆ. ಸ್ವೀಡನ್ನಿನಲ್ಲಿ 661 ಮಹಿಳೆಯರನ್ನು ಎರಡು ಗುಂಪು ಮಾಡಿ ಒಂದು ಪರೀಕ್ಷೆ ನಡೆದಿತ್ತು, ಫಲಿತಾಂಶ ಬಂದದ್ದು 2004ರಲ್ಲಿ. ಒಂದು ಗುಂಪಿಗೆ ಎರಡು ಭ್ರೂಣ ಒಮ್ಮೆಲೇ. ಇನ್ನೊಂದಕ್ಕೆ ಒಂದು ಭ್ರೂಣ, ಅದು ನಿಲ್ಲದಿದ್ದರೆ ಆಮೇಲೆ ಶೀತಲೀಕರಿಸಿದ ಇನ್ನೊಂದು. ಮೊದಲ ಗುಂಪಿನಲ್ಲಿ ನೂರಕ್ಕೆ ಸುಮಾರು 43 ಮಂದಿಗೆ ಮಕ್ಕಳಾದವು, ಎರಡನೆಯದರಲ್ಲಿ ಸುಮಾರು 39. ವ್ಯತ್ಯಾಸ ಅಷ್ಟೇ. ಆದರೆ ಹೆರಿಗೆಗಳಲ್ಲಿ ಅವಳಿಗಳ ಪಾಲು ಮೊದಲ ಗುಂಪಿನಲ್ಲಿ ನೂರಕ್ಕೆ 33, ಎರಡನೆಯದರಲ್ಲಿ ಒಂದೂ ಇಲ್ಲ ಎನ್ನುವಷ್ಟು. ಎರಡನೆಯ ಸಲಕ್ಕೆ ಕಾಯುವ ತಾಳ್ಮೆಗೆ ಸಿಗುವ ಫಲ ಇಷ್ಟು ದೊಡ್ಡದು. ಒಂದೂವರೆ ಕಿಲೋದ ಎರಡು ಕೂಸುಗಳು ಎನ್‌ಐಸಿಯುನ ಗಾಜಿನ ಪೆಟ್ಟಿಗೆಯಲ್ಲಿ ವಾರಗಟ್ಟಲೆ ಮಲಗಿದರೆ, ಉಳಿಸಿದೆವೆಂದುಕೊಂಡ ಖರ್ಚು ಅಲ್ಲಿಗೇ ಹೋಗುತ್ತದೆ. ಹಾಲೂಡಿಸಲಾಗದೆ ಹೊರಗೆ ಬೆಂಚಿನ ಮೇಲೆ ಕೂತ ತಾಯಿಯ ಸಂಕಟಕ್ಕಂತೂ ಲೆಕ್ಕವೇ ಇಲ್ಲ.

ಮೌನ ನಿಜವಾಗಿ ಹೊಡೆತ ಕೊಡುವುದು ಬೇರೆ ಒಂದು ಜಾಗದಲ್ಲಿ, ಮೂರನೇ ತಿಂಗಳಿನ ಆಸುಪಾಸಿನಲ್ಲಿ. ನಂಜಿನ ಅಪಾಯ ಹೆಚ್ಚಿರುವ ಬಸುರಿಯರಿಗೆ ದಿನಕ್ಕೊಂದು ಸಣ್ಣ ಪ್ರಮಾಣದ ಆಸ್ಪಿರಿನ್ ಗುಳಿಗೆ ಕೊಡುವುದರಿಂದ ಫಲವಿದೆ ಎಂಬುದು ಈಗ ಗಟ್ಟಿಯಾಗಿದೆ. 2017ರಲ್ಲಿ ಪ್ರಕಟವಾದ ಒಂದು ದೊಡ್ಡ ಪರೀಕ್ಷೆಯಲ್ಲಿ, ತಪಾಸಣೆಯಲ್ಲಿ ಹೆಚ್ಚು ಅಪಾಯ ಕಂಡ ಬಸುರಿಯರಿಗೆ ಹನ್ನೊಂದರಿಂದ ಹದಿನಾಲ್ಕನೇ ವಾರದೊಳಗೆ 150 ಮಿಲಿಗ್ರಾಂ ಶುರುಮಾಡಿದರು. 37 ವಾರಕ್ಕೆ ಮೊದಲೇ ಹೆರಿಗೆ ಮಾಡಿಸಬೇಕಾಗುವ ನಂಜು ನೂರಕ್ಕೆ ನಾಲ್ಕರಷ್ಟಿದ್ದದ್ದು ಎರಡಕ್ಕಿಂತ ಕೆಳಗಿಳಿಯಿತು. ನಮ್ಮ ನೆರೆಯ ಬೆಳಗಾವಿಯ ತಾಯಂದಿರೂ ಪಾಲ್ಗೊಂಡ ಇನ್ನೊಂದು ಪರೀಕ್ಷೆಯಲ್ಲಿ ಆರು ದೇಶಗಳ ಸುಮಾರು 12,000 ಚೊಚ್ಚಲ ಬಸುರಿಯರಿದ್ದರು. ಅಲ್ಲಿ ದಿನಕ್ಕೆ 81 ಮಿಲಿಗ್ರಾಂ ಆಸ್ಪಿರಿನ್‌ನಿಂದ ದಿನ ತುಂಬದ ಹೆರಿಗೆಗಳು ನೂರಕ್ಕೆ 11ರಷ್ಟು ಕಡಿಮೆಯಾದವು. ಅದರ ಫಲಿತಾಂಶ ಬಂದದ್ದು 2020ರಲ್ಲಿ. ಅಮೆರಿಕದ ಮಾರ್ಗಸೂಚಿಯಲ್ಲಿ ಐವಿಎಫ್ ಬಸಿರು ಒಂದು ಮಧ್ಯಮ ಅಪಾಯ, ಚೊಚ್ಚಲು ಇನ್ನೊಂದು, 35ರ ಮೇಲಿನ ವಯಸ್ಸು ಮತ್ತೊಂದು. ಇಂಥವು ಎರಡು ಸೇರಿದರೆ ಆಸ್ಪಿರಿನ್ ಕೊಡಿ ಎನ್ನುತ್ತದೆ. ಅಂದರೆ ಐವಿಎಫ್‌ನಿಂದ ಚೊಚ್ಚಲ ಬಸುರಿಯಾದ ಪ್ರತಿಯೊಬ್ಬಳ ಬಗ್ಗೆಯೂ ಡಾಕ್ಟರು ಒಮ್ಮೆ ಇದನ್ನು ಯೋಚಿಸಲೇಬೇಕು. ತಾನಾಗಿ ಅಂಗಡಿಯಿಂದ ತಂದು ನುಂಗುವ ಗುಳಿಗೆ ಇದಲ್ಲ, ಕೊಡುವ ಮೊದಲು ನೋಡಬೇಕಾದದ್ದು ಬೇಕಾದಷ್ಟಿದೆ. ಶುರುಮಾಡಲು ತಕ್ಕ ಹೊತ್ತು ಹನ್ನೆರಡರಿಂದ ಹದಿನಾರನೇ ವಾರ. ತಡವಾದಷ್ಟೂ ಫಲ ಕುಗ್ಗುತ್ತದೆ.

ಆ ಹೊತ್ತಿಗೆ ನಮ್ಮ ಹೆಣ್ಣುಮಗಳು ಎಲ್ಲಿರುತ್ತಾಳೆ? ಐವಿಎಫ್ ಕೇಂದ್ರದವರು ಕೂಸಿನ ಎದೆಬಡಿತ ಕಂಡು, ಎಂಟು-ಹತ್ತು ವಾರಕ್ಕೆ "ಇನ್ನ ನಿಮ್ಮೂರಾಗ ತೋರಿಸ್ಕೊಳ್ರಿ" ಎಂದು ಕಳಿಸಿರುತ್ತಾರೆ. ನಮ್ಮ ಬಳಗದವಳಿಗೆ ಆ ದೂರದ ಕೇಂದ್ರದವರು ಮುಂದೆ ನೋಡುವ ಡಾಕ್ಟರಿಗೆಂದು ಒಂದು ಸಾಲಿನ ಪತ್ರವನ್ನೂ ಕೊಟ್ಟಿರಲಿಲ್ಲ. ಊರಿನಲ್ಲಿ ಮೂರು ತಿಂಗಳು ತುಂಬುವವರೆಗೆ ಬಸಿರಿನ ಸುದ್ದಿ ಹೊರಗೆ ಹಾಕಬಾರದು ಎಂಬ ಪದ್ಧತಿ. ಕಷ್ಟಪಟ್ಟು ನಿಂತ ಬಸಿರಾದರೆ ಕಣ್ಣು ಹತ್ತೀತೆಂದು ಸೀಮಂತದ ಕುಬಸದವರೆಗೂ ತುಟಿ ಬಿಚ್ಚುವುದಿಲ್ಲ. ಆಶಾ ಕಾರ್ಯಕರ್ತೆ ಬಾಗಿಲಿಗೆ ಬಂದರೆ "ಏನಿಲ್ಲವ್ವ" ಎಂದು ಕಳಿಸುತ್ತಾರೆ, ತಾಯಿ ಕಾರ್ಡು ತಡವಾಗುತ್ತದೆ. ಹೀಗೆ ಹತ್ತನೇ ವಾರಕ್ಕೆ ಒಬ್ಬ ಡಾಕ್ಟರು ಬಿಟ್ಟು, ಇಪ್ಪತ್ತನೇ ವಾರಕ್ಕೆ ಇನ್ನೊಬ್ಬರು ಕಾಣುವ ನಡುವಿನ ಖಾಲಿ ಜಾಗದಲ್ಲಿ, ಆಸ್ಪಿರಿನ್‌ನ ಹೊತ್ತು ಯಾರಿಗೂ ಗೊತ್ತಾಗದೆ ದಾಟಿಹೋಗುತ್ತದೆ. ಯಾರೂ ಬೇಕೆಂದು ಮಾಡಿದ ತಪ್ಪಲ್ಲ ಇದು. ಕಾಳಜಿಯಿಂದಲೇ ಹುಟ್ಟಿದ ನಷ್ಟವಾದ್ದರಿಂದ ನನಗೆ ಹೆಚ್ಚು ನೋವು.

ಕಾಳಜಿಗೇನೂ ಕೊರತೆಯಿಲ್ಲ. ಆ ಸೊಸೆಯನ್ನು ಮೂರು ತಿಂಗಳು ಹಾಸಿಗೆಯಿಂದ ಇಳಿಸಿರಲಿಲ್ಲ. ಮೆಟ್ಟಿಲು ಹತ್ತಬಾರದು, ಕೊಡ ಎತ್ತಬಾರದು, ಪಪ್ಪಾಯಿಯ ಹೆಸರೂ ಎತ್ತಬಾರದು. ಭ್ರೂಣ ಬಿಟ್ಟ ಮೇಲೆ ತಿಂಗಳುಗಟ್ಟಲೆ ಮಲಗಿದರೆ ಬಸಿರು ಹೆಚ್ಚು ನಿಲ್ಲುತ್ತದೆ ಎಂಬುದಕ್ಕೆ ಆಧಾರವಿಲ್ಲ. ಬಸಿರಿನಲ್ಲಿ ರಕ್ತ ಮೊದಲೇ ಹೆಪ್ಪುಗಟ್ಟುವ ಗುಣ ಪಡೆದಿರುತ್ತದೆ, ಸದಾ ಮಲಗಿದ್ದರೆ ಕಾಲಿನ ನಾಳದಲ್ಲಿ ಗರಣೆ ಕಟ್ಟುವ ಭಯವೇ ಹೆಚ್ಚು. ಇಷ್ಟೆಲ್ಲ ಕಾವಲಿನ ನಡುವೆ ಆಕೆಯ ಬಿ.ಪಿ. ನೋಡಿದ್ದು ಎಂಟು ತಿಂಗಳಿನಲ್ಲಿ ಮೂರು ಸಲ. ಭಯ ಇತ್ತು, ತಪ್ಪು ಬಾಗಿಲಲ್ಲಿ ಕಾವಲು ಕೂತಿತ್ತು.

ಮನೆ ಬಾಗಿಲಲ್ಲೇ ಬಿ.ಪಿ. ಅಳೆಯುವ ಕೆಲಸ ನಮ್ಮ ಪಕ್ಕದಲ್ಲೇ ನಡೆದಿದೆ. 1997ರವರೆಗೆ ನಮ್ಮ ವಿಜಯಪುರ ಜಿಲ್ಲೆಗೇ ಸೇರಿದ್ದ ಬಾಗಲಕೋಟೆಯಲ್ಲೂ ಬೆಳಗಾವಿಯಲ್ಲೂ 2014ರಿಂದ 2016ರವರೆಗೆ ಆಶಾ ಕಾರ್ಯಕರ್ತೆಯರು, ನರ್ಸಮ್ಮಂದಿರು ಬಸುರಿಯರ ಮನೆಗೇ ಹೋಗಿ ಬಿ.ಪಿ. ನೋಡಿ, ಹೆಚ್ಚಿದ್ದರೆ ಗುಳಿಗೆ ಕೊಟ್ಟು, ಗಂಭೀರವಾದರೆ ದವಾಖಾನೆಗೆ ಕಳಿಸುವ ದೊಡ್ಡ ಪ್ರಯೋಗ ನಡೆಯಿತು. ಒಟ್ಟಾರೆ ಲೆಕ್ಕದಲ್ಲಿ ತಾಯಿ, ಕೂಸುಗಳ ಸಾವು-ತೊಂದರೆಗಳಲ್ಲಿ ನಿರೀಕ್ಷಿಸಿದ ಇಳಿಕೆ ಕಾಣಲಿಲ್ಲ, ಅದನ್ನು ಮುಚ್ಚಿಡಬಾರದು. ಆದರೆ ಇದೇ ಪ್ರಯೋಗ ನಡೆದ ಬೇರೆ ದೇಶಗಳ ಅಂಕಿಗಳನ್ನೂ ಕೂಡಿಸಿ ನೋಡಿದಾಗ, ಎಂಟು ಅಥವಾ ಹೆಚ್ಚು ಸಲ ಭೇಟಿ ಕಂಡ ತಾಯಂದಿರಲ್ಲಿ ಕೂಸು ಹೊಟ್ಟೆಯಲ್ಲೇ ಸಾಯುವುದು ಕಡಿಮೆಯಿತ್ತು. ಒಂದೆರಡು ಸಲ ಪಟ್ಟಿ ಕಟ್ಟಿದರೆ ಸಾಲದು, ಮತ್ತೆ ಮತ್ತೆ ಕಟ್ಟಬೇಕು ಎಂದು ನಾನು ಅದನ್ನು ಓದಿಕೊಂಡಿದ್ದೇನೆ.

ಹಾಗಾದರೆ ಊರಿಗೆಲ್ಲ ಸಾರಬೇಕೇ ಎಂದು ಕೇಳುವವರಿದ್ದಾರೆ. ಬೇಡ. ಗುಟ್ಟು ಅವಳದು, ಅದನ್ನು ಕಾಯುವ ಹಕ್ಕೂ ಅವಳದು. ತಾಯಿ ಕಾರ್ಡಿನ ಮೇಲೆ ಕಾರಣ ಬರೆಯಬೇಕಾಗಿಲ್ಲ. ಪ್ರತಿ ತಿಂಗಳ 9ನೇ ತಾರೀಖು ಸರ್ಕಾರಿ ದವಾಖಾನೆಗಳಲ್ಲಿ ನಡೆಯುವ ತಪಾಸಣೆಯಲ್ಲಿ ಹೆಚ್ಚು ಅಪಾಯದ ಬಸಿರಿಗೆ ಕೆಂಪು ಚೀಟಿ ಅಂಟಿಸುವ ಕ್ರಮ 2016ರಿಂದ ಇದೆ. ರಕ್ತ ಕಡಿಮೆ ಇರುವವಳಿಗೂ ಅದೇ ಕೆಂಪು, ಇವಳಿಗೂ ಅದೇ ಕೆಂಪು. ಯಾಕೆಂದು ಡಾಕ್ಟರಿಗೊಬ್ಬರಿಗೆ ಗೊತ್ತಿದ್ದರೆ ಸಾಕು. ಎಲ್ಲರ ಮುಂದೆ ಕೇಳದೆ ಪರದೆಯೊಳಗೆ ಒಬ್ಬಳನ್ನೇ ಕೂಡಿಸಿಕೊಂಡು ಕೇಳುವ ಸೂಕ್ಷ್ಮ ಡಾಕ್ಟರಿಗೂ ಬೇಕು. ಅಂದು ರಾತ್ರಿ ಆ ಪ್ರಶ್ನೆ ಬಂದದ್ದು ಮೂರು ಜನ ಬಳಗದವರ ಎದುರಿಗೆ. ಇನ್ನು ಕೂಸಿನ ಬಗ್ಗೆ ಇರುವ ಅಳುಕಿಗೆ ಐವಿಎಫ್‌ನಂಥ ಚಿಕಿತ್ಸೆಗಳ ಬಗೆಗಿನ 2021ರ ಕಾಯ್ದೆ ಉತ್ತರ ಕೊಟ್ಟಿದೆ. ಈ ಚಿಕಿತ್ಸೆಯಿಂದ ಹುಟ್ಟಿದ ಮಗು ಆ ದಂಪತಿಯ ಸ್ವಂತ ಮಗುವೇ, ಎಲ್ಲ ಹಕ್ಕುಗಳೂ ಅದಕ್ಕಿವೆ. ಅದೇ ಕಾಯ್ದೆ ಖರ್ಚು, ಅಡ್ಡಪರಿಣಾಮ, ಅವಳಿ-ತ್ರಿವಳಿ ಬಸಿರಿನ ಅಪಾಯವನ್ನೂ ದಂಪತಿಗೆ ತಿಳಿಸಬೇಕಾದ್ದು ಕೇಂದ್ರದ ಕರ್ತವ್ಯ ಎಂದು ಬರೆದಿದೆ. ಸಹಿ ಹಾಕಿಸಿಕೊಳ್ಳುವ ಇಂಗ್ಲಿಷ್ ಕಾಗದದಿಂದ ಆ ಕರ್ತವ್ಯ ಮುಗಿಯುವುದಿಲ್ಲ. ಕನ್ನಡದಲ್ಲಿ ಒಂದು ಹಾಳೆ ಸಾಕು: ಭ್ರೂಣ ಬಿಟ್ಟ ದಿನ, ಎಷ್ಟು ಭ್ರೂಣ, ಯಾವ ದಾರಿ, ಯಾವ ಗುಳಿಗೆ ಎಲ್ಲಿಯವರೆಗೆ, ಹೆರಿಗೆಯ ತಾರೀಖು, ಆಸ್ಪಿರಿನ್ ಬಗ್ಗೆ ಏನು ತೀರ್ಮಾನ.

ಅಪಾಯ ಹೇಳಿದರೆ ಹೆದರುತ್ತಾರೆ ಎನ್ನುವ ಡಾಕ್ಟರುಗಳನ್ನೂ ಕಂಡಿದ್ದೇನೆ. ದಿನಾ ಹೊಟ್ಟೆಗೆ ತಾನೇ ಇಂಜೆಕ್ಷನ್ ಚುಚ್ಚಿಕೊಂಡ, ಪ್ರೊಜೆಸ್ಟೆರಾನ್ ಸೂಜಿಗೆ ಸೊಂಟದ ಕೆಳಗೆ ಗಂಟು ಗಂಟಾದರೂ ತುಟಿ ಕಚ್ಚಿಕೊಂಡಿದ್ದ ಹೆಣ್ಣುಮಕ್ಕಳು ಇವರು. ಒಂದು ಸಂಖ್ಯೆ ಕೇಳಿ ಅವರು ಓಡಿಹೋಗುವುದಿಲ್ಲ.

ಆ ಸೊಸೆಗೆ ಸಿಜೇರಿಯನ್ ಆಯಿತು, ಕೂಸು 34 ವಾರದ್ದೆಂದು ಆಮೇಲೆ ಫೈಲು ತರಿಸಿದಾಗ ಗೊತ್ತಾಯಿತು. ಹನ್ನೆರಡು ದಿನಕ್ಕೆ ತವರಿಗೆ ಕಳಿಸಿದರು. ಬಾಣಂತಿ ಕೋಣೆ ಎಂದರೆ ನಿಮಗೆ ಗೊತ್ತಲ್ಲ, ಕಿಟಕಿ ಮುಚ್ಚಿ, ಕಿವಿಗೆ ಅರಳೆ, ತಲೆಗೆ ಕುಲಾಯಿ, ಹೊರಸಿನ ಕೆಳಗೆ ಬೆಂಕಿ. ಹೆರಿಗೆಯಾದರೆ ನಂಜು ಮುಗಿಯಿತೆಂದು ಎಲ್ಲರೂ ತಿಳಿದಿದ್ದರು. ಹೆರಿಗೆಯ ಮೇಲೂ ಬಿ.ಪಿ. ಏರಬಹುದು, ಮೊದಲ ವಾರದಲ್ಲಿ ಹೆಚ್ಚು, ಆರು ವಾರದವರೆಗೂ ಎಚ್ಚರ ಬೇಕು. ಆಶಾ ಕಾರ್ಯಕರ್ತೆ ಇಂಥಿಂಥ ದಿನ ಎಂದು ಮನೆಗೆ ಬರುತ್ತಾಳೆ: 3, 7, 14, 21, 28, 42ನೇ ದಿನ. ಬಂದು ಜೋಳಿಗೆಯ ತಕ್ಕಡಿಯಲ್ಲಿ ಕೂಸನ್ನು ತೂಗುತ್ತಾಳೆ, ಮೈ ಬೆಚ್ಚಗಿದೆಯೇ ಮುಟ್ಟಿ ನೋಡುತ್ತಾಳೆ. ಹದಿನಾಲ್ಕನೇ ದಿನ ಬಂದಾಕೆ ತನ್ನ ಚೀಲದಲ್ಲಿ ಬಿ.ಪಿ. ಮಷಿನ್ನನ್ನೂ ತಂದಿದ್ದಳು. ಕೂಸನ್ನು ತೂಗಿ ಕೆಳಗಿಟ್ಟು, ಕೌದಿ ಸರಿಸಿ, ತಾಯಿಯ ತೋಳಿಗೆ ಪಟ್ಟಿ ಸುತ್ತಿದಳು. "ನಂಗ್ಯಾಕಕ್ಕಾ, ನಂದು ಹೆರಿಗಿ ಆತಲ್ಲ" ಎಂದು ಅವಳು ಕೇಳಿದಳಂತೆ. 150 ಮೇಲೆ 100 ಇತ್ತು.